ಟಕ್ ಹಿಡಿಸಿಕೊಂಡ ಭುಜ

ನನ್ನ ಬಲಭುಜದ ಕೀಲು ಮೊದಲ ಸಲ ತಪ್ಪಿದ್ದು ಏರ್ಕಾಡಿಗೆ ಹೋಗುವ ಬಸ್ಸಿನಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸೇಲಂನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಉಳಿದ ಟೀಚರುಗಳ ಪ್ರಕಾರ ಅದು ಕೆಲಸವೇ ಅಲ್ಲ, ಬಿಸಿಲಿನಲ್ಲಿ ನಿಂತು ವಿಸಿಲ್ ಊದುವುದಕ್ಕೆ ಕೊಡುವ ಸಂಬಳ. ಗಣಿತದವರಿಗೆ ಸಿಲಬಸ್ ಮುಗಿಯದಿದ್ದಾಗಲೆಲ್ಲ ನನ್ನ ಪೀರಿಯಡ್ಡು ಬೇಕಾಗುತ್ತಿತ್ತು. ಗಣಿತದ ಸಿಲಬಸ್ ಯಾವ ವರ್ಷವೂ ಮುಗಿಯುತ್ತಿರಲಿಲ್ಲ.

ಆ ದಿನ ನಮ್ಮ ಥ್ರೋಬಾಲ್ ತಂಡವನ್ನು ಬೆಟ್ಟದ ಮೇಲಿನ ಒಂದು ಸ್ಕೂಲಿಗೆ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ತಿರುವುಗಳು ಶುರುವಾದ ಕೂಡಲೇ ಒಬ್ಬಳಿಗೆ ಹೊಟ್ಟೆ ತೊಳಸಿತೆಂದು ನನ್ನ ಸೀಟು ಬಿಟ್ಟುಕೊಟ್ಟು, ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಒಂದು ತಿರುವಿನಲ್ಲಿ ಎದುರಿಗೆ ಕಾಫಿ ಎಸ್ಟೇಟಿನ ಲಾರಿ ಬಂತು. ಡ್ರೈವರ್ ಬ್ರೇಕ್ ಹಾಕಿದ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನಾನೊಬ್ಬಳು ಬೀಳಲಿಲ್ಲ. ಹಿಡಿದದ್ದನ್ನು ಬಿಡಬಾರದು ಎಂದು ಹತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ನಾನು. ಬಿಟ್ಟಿದ್ದರೆ ಮೊಣಕೈ ತರಚುತ್ತಿತ್ತು, ಅಷ್ಟೇ. ಬಿಡಲಿಲ್ಲವಾದ್ದರಿಂದ ಕೈ ಕಂಬಿಯಲ್ಲೇ ಉಳಿಯಿತು, ಮೈ ಮುಂದಕ್ಕೆ ಹೋಯಿತು, ಮಧ್ಯದಲ್ಲಿ ಏನೋ ಒಂದು ಮುಳುಗಿ ಎದ್ದ ಹಾಗೆ ಆಯಿತು. ನೋವು ಆಮೇಲೆ ಬಂತು. ಬಂದದ್ದು ಇಡಿಯಾಗಿಯೇ ಬಂತು.

ಮೇಲೆ ಹೋದ ಮೇಲೆ ಯಾವುದೋ ಎಸ್ಟೇಟಿನ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದರು. ಡಾಕ್ಟರು ವಾರಕ್ಕೊಂದು ದಿನ ಬರುತ್ತಾರಂತೆ, ಅದು ಆ ದಿನವಲ್ಲ. ಇದ್ದ ವಯಸ್ಸಾದ ಕಾಂಪೌಂಡರು ನನ್ನನ್ನು ಬೆಂಚಿನ ಮೇಲೆ ಮಲಗಿಸಿದರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒರೆಸಿಕೊಂಡು ಬಂದರು. ಇದೇನು ಪೂಜೆಯೋ ಎಂದುಕೊಳ್ಳುವಷ್ಟರಲ್ಲಿ, ತಪ್ಪಾಗಿ ತಿಳಿದುಕೊಳ್ಳಬೇಡಿ ಟೀಚರ್ ಎಂದು ತಮಿಳಿನಲ್ಲಿ ಬೇಡಿಕೊಂಡು, ನನ್ನ ಕಂಕುಳಿಗೆ ತಮ್ಮ ಹಿಮ್ಮಡಿ ಒತ್ತಿ, ಎರಡು ಕೈಯಿಂದ ನನ್ನ ಮುಂಗೈ ಹಿಡಿದು ನಿಧಾನವಾಗಿ ಎಳೆದರು. ಟಕ್ಕೆಂದು ಕೂತಿತು. ಅಷ್ಟು ವಿನಯದಿಂದ ನನ್ನನ್ನು ಇನ್ನು ಯಾರೂ ಒದ್ದಿಲ್ಲ.

ನಮ್ಮ ಮಕ್ಕಳು ಆ ಪಂದ್ಯ ಗೆದ್ದರು. ಮೂರು ವರ್ಷದಲ್ಲಿ ಅದೇ ಮೊದಲ ಗೆಲುವು. ಕೋರ್ಟಿನ ಪಕ್ಕದಲ್ಲಿ ನಾನು ಇಲ್ಲದಿದ್ದುದು ಮಕ್ಕಳಿಗೆ ಅನುಕೂಲವಾಯಿತೇನೋ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಅಸೆಂಬ್ಲಿಯಲ್ಲಿ ತಮಾಷೆ ಮಾಡಿದರು. ಕೈಯನ್ನು ಜೋಲಿಯಲ್ಲಿ ಹಾಕಿಕೊಂಡಿದ್ದರಿಂದ ನನಗೆ ಚಪ್ಪಾಳೆ ತಟ್ಟಲಾಗಲಿಲ್ಲ.

ಒಂದು ಸಲ ದಾರಿ ಕಂಡ ಭುಜ ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಅಟ್ಟದಿಂದ ಹಿಟ್ಟಿನ ಡಬ್ಬಿ ಇಳಿಸುವಾಗ ತಪ್ಪಿತು. ಮೂರನೆಯ ಸಲ ನಿದ್ದೆಯಲ್ಲಿ, ತಲೆಯ ಕೆಳಗೆ ಕೈ ಇಟ್ಟುಕೊಂಡದ್ದೇ ಅಪರಾಧವಾಗಿ. ನಾಲ್ಕನೆಯದು ಸ್ಟಾಫ್ ಮೀಟಿಂಗಿನಲ್ಲಿ. ಆಟದ ಪೀರಿಯಡ್ಡನ್ನು ವಾರಕ್ಕೆ ಒಂದಕ್ಕೆ ಇಳಿಸುತ್ತೇವೆ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. ನಾನು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು, ಕೆಳಗೆ ಬರಲಿಲ್ಲ. ನನ್ನ ಮುಖ ನೋಡಿ, ಇಷ್ಟೊಂದು ಕೋಪ ಒಳ್ಳೆಯದಲ್ಲ ಎಂದರು. ನಿಜ ಗೊತ್ತಾಗಿ ಆಟೋ ತರಿಸುವಷ್ಟರಲ್ಲಿ ತೀರ್ಮಾನ ಪಾಸಾಗಿತ್ತು.

ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಯಾವ ಕಾಗದವನ್ನೂ ಕೂಡಲೇ ಮುಂದಕ್ಕೆ ಕಳಿಸಬಾರದು ಎಂಬುದು ಅವರು ಕಚೇರಿಯಲ್ಲಿ ಕಲಿತ ಮೊದಲ ಪಾಠ. ಅದನ್ನು ಮನೆಗೂ ತಂದಿದ್ದರು. ನನ್ನ ಭುಜದ ಬಗ್ಗೆ ತಮ್ಮ ಆಫೀಸಿನ ಎಲ್ಲರ ಅಭಿಪ್ರಾಯ ಕೇಳಿ ಬಂದರು. ಸೂಪರಿಂಟೆಂಡೆಂಟರು ಬೆಳ್ಳುಳ್ಳಿ ಎಣ್ಣೆ ಹೇಳಿದ್ದರು, ಟೈಪಿಸ್ಟ್ ಹುಡುಗಿ ಯೋಗಾಸನ ಹೇಳಿದ್ದಳು, ಪಿಯೂನು ಮಾತ್ರ ಎಲುಬಿನ ಡಾಕ್ಟರಿಗೆ ತೋರಿಸಿ ಎಂದಿದ್ದ. ಪಿಯೂನಿನ ಮಾತನ್ನು ಹೇಗೆ ಕೇಳುವುದು ಎಂದು ಎಣ್ಣೆ ತಂದರು.

ಆಮೇಲೆ ಕೊಳತ್ತೂರಿನಿಂದ ಅತ್ತೆ ಬಂದರು. ನಮ್ಮ ಮಾವನವರದು ಅಲ್ಲಿ ಕಡಲೆಕಾಯಿ, ರಾಗಿ ಬೆಳೆಯುವ, ಕನ್ನಡವೇ ಮನೆಮಾತಾದ ಮನೆ. ಅತ್ತೆ ಹೆಚ್ಚು ಮಾತಿನವರಲ್ಲ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಊಟ ಆಯ್ತಾ, ಬಸ್ಸು ಸಿಕ್ತಾ ಎನ್ನುವುದನ್ನು ಮೀರಿ ಮಾತು ಹೋಗಿರಲಿಲ್ಲ. ಜಗಳವೂ ಇರಲಿಲ್ಲ. ಜಗಳವಾಡುವಷ್ಟು ಪರಿಚಯವೇ ಆಗಿರಲಿಲ್ಲ ಎನ್ನಬಹುದು. ಅವರು ನನ್ನ ಭುಜವನ್ನು ಒಂದು ಸಲ ಒತ್ತಿ ನೋಡಿ, ತಮ್ಮೂರ ಹತ್ತಿರದ ಮೂಳೆ ಕಟ್ಟುವವರ ಬಳಿಗೆ ಕರೆದುಕೊಂಡು ಹೋದರು.

ಆ ವೈದ್ಯರ ಮನೆಯ ಜಗಲಿಯಲ್ಲಿ ಆಗಲೇ ಏಳೆಂಟು ಜನ ಬೇರೆ ಬೇರೆ ಕೋನಗಳಲ್ಲಿ ಕೂತಿದ್ದರು. ವೈದ್ಯರು ನನ್ನ ಭುಜಕ್ಕೆ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಯಾವುದೋ ಸೊಪ್ಪು ಕಲಸಿ ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಇಪ್ಪತ್ತೊಂದು ದಿನ ಬಿಚ್ಚುವ ಹಾಗಿಲ್ಲ. ಏಳನೇ ದಿನದಿಂದ, ನನ್ನನ್ನು ಬದಲಿಗೆ ಕಳಿಸಿದ ಕ್ಲಾಸುಗಳಲ್ಲಿ ಮೊದಲ ಬೆಂಚಿನ ಮಕ್ಕಳು ಕಾರಣ ಹೇಳದೆ ಹಿಂದಿನ ಬೆಂಚಿಗೆ ಹೋಗತೊಡಗಿದರು. ನಾನು ಎಲ್ಲಿಗೆ ಹೋಗಲಿ, ಭುಜ ನನ್ನ ಜೊತೆಯಲ್ಲೇ ಇತ್ತು. ಇಪ್ಪತ್ತೊಂದನೆಯ ದಿನ ಕಟ್ಟು ಬಿಚ್ಚಿ, ಇನ್ನು ಜನ್ಮದಲ್ಲಿ ತಪ್ಪುವುದಿಲ್ಲ ಎಂದು ವೈದ್ಯರು ಹರಸಿದರು. ಆ ಜನ್ಮ ಒಂದೂವರೆ ತಿಂಗಳಿಗೆ ಮುಗಿಯಿತು.

ಮುಗಿದದ್ದು ಓಮಲೂರಿನ ಒಂದು ಕಲ್ಯಾಣ ಮಂಟಪದಲ್ಲಿ, ನನ್ನ ನಾದಿನಿಯ ಮದುವೆಯ ಮುಹೂರ್ತದಲ್ಲಿ. ಗಟ್ಟಿಮೇಳ ಶುರುವಾಯಿತು, ವರ ತಾಳಿ ಕೈಗೆತ್ತಿಕೊಂಡ, ಎಲ್ಲರೂ ಅಕ್ಷತೆ ಎಸೆದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಮಂಟಪದವರೆಗೂ ಬೀಳಲಿ ಎಂದು ಕೈಯನ್ನು ತಲೆಯ ಹಿಂದಕ್ಕೆ ತೆಗೆದುಕೊಂಡೆ. ಥ್ರೋಬಾಲ್ ಟೀಚರ್ ಅಕ್ಷತೆಯನ್ನು ಇನ್ನು ಹೇಗೆ ಎಸೆಯಬೇಕು. ಅಕ್ಷತೆ ಕೈಯಲ್ಲೇ ಉಳಿಯಿತು, ಭುಜ ಹೋಯಿತು. ನಾನು ಕೂಗಿದ ಕೂಗಿಗೆ ನಾಗಸ್ವರದವರು ಒಂದು ಸ್ವರ ತಪ್ಪಿದರು. ತಾಳಿ ಕಟ್ಟುತ್ತಿದ್ದ ವರ ತಿರುಗಿ ನೋಡಿದ. ಎರಡನೇ ಗಂಟು ಹಾಕುವಾಗ ಅಪಶಕುನವಾಯಿತು ಎಂದು ವರನ ಕಡೆಯ ಒಬ್ಬ ಅಜ್ಜಿ ಅಳಲು ಶುರು ಮಾಡಿದರು. ವಿಡಿಯೋದವನು ಕ್ಯಾಮೆರಾ ನನ್ನ ಕಡೆ ತಿರುಗಿಸಿದ್ದ. ಮದುವೆಯ ಕ್ಯಾಸೆಟ್ಟಿನಲ್ಲಿ ಇವತ್ತಿಗೂ ಮೂರನೇ ಗಂಟು ಇಲ್ಲ, ಅದರ ಬದಲು ನಾನಿದ್ದೇನೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಂಡು, ಎಳೆದು ಕೂರಿಸಿಕೊಂಡು, ಇನ್ನು ಆಪರೇಷನ್ನೇ ಗತಿ ಎಂದು ಕೇಳಿಸಿಕೊಂಡು ಮತ್ತೆ ಮಂಟಪಕ್ಕೆ ಬಂದಾಗ ಕೊನೆಯ ಪಂಕ್ತಿ ನಡೆಯುತ್ತಿತ್ತು. ನನ್ನ ಗಂಡ ಎಲೆಯ ಮುಂದೆ ಕೂತು, ಇನ್ನೂ ಒಂದಿಬ್ಬರನ್ನು ಕೇಳಿ ನೋಡಬೇಕು, ಅವಸರದಲ್ಲಿ ತೀರ್ಮಾನ ಮಾಡುವ ವಿಷಯವಲ್ಲ ಎನ್ನುತ್ತಿದ್ದರು. ಮಗಳ ಮದುವೆಯ ದಿನ ಇಷ್ಟು ಅವಮಾನ ಮಾಡಿದವಳನ್ನು ಅತ್ತೆ ಏನನ್ನುತ್ತಾರೋ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಪಾಯಸದ ಪಾತ್ರೆ ಕೆಳಗಿಟ್ಟು ಮಗನಿಗಲ್ಲ, ನನಗೆ ಹೇಳಿದರು.

"ಆಪ್ರೇಸನ್ ಮಾಡ್ಸ್ಕೋ. ಇವನ್ನ ಕೇಳ್ಕೊಂಡ್ ಕೂತ್ರೆ ನಿನ್ ಕೈ ಒಂದಿನ ಬಸ್ಸಲ್ಲೇ ಉಳ್ಕೋತೈತೆ."

ಮೂಳೆ ಕಟ್ಟುವವರ ಬಳಿ ಕರೆದುಕೊಂಡು ಹೋದವರೇ ಹೀಗೆ ಹೇಳಿದ್ದು ನನಗೆ ಆಶ್ಚರ್ಯವಾಯಿತು. ಕೇಳುವ ಧೈರ್ಯವಿರಲಿಲ್ಲ.

ಸೇಲಂನಲ್ಲಿ ಒಬ್ಬ ಎಲುಬಿನ ಡಾಕ್ಟರು ಚಿಕ್ಕ ನರ್ಸಿಂಗ್ ಹೋಮ್ ಇಟ್ಟಿದ್ದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನ್ನ ಕೈಯನ್ನು ಅಕ್ಷತೆ ಎಸೆಯುವ ಭಂಗಿಗೆ ಮೆಲ್ಲಗೆ ತಂದರು. ನಾನು ಹೌಹಾರಿ ಹಿಂದೆ ಸರಿದೆ. ಸಾಕು, ಗೊತ್ತಾಯಿತು ಎಂದರು. ಭುಜದ ಗುಂಡು ದೊಡ್ಡದು, ಅದು ಕೂತಿರುವ ಬಟ್ಟಲು ಚಿಕ್ಕದು, ಬಟ್ಟಲಿನ ಅಂಚಿಗೆ ರಬ್ಬರಿನಂಥ ಒಂದು ತುಟಿ ಇರುತ್ತದೆ, ಸುತ್ತಲೂ ಒಂದು ಚೀಲ. ಮೊದಲ ಸಲ ತಪ್ಪಿದಾಗಲೇ ನಿಮ್ಮ ತುಟಿ ಕಿತ್ತು ಬಂದಿದೆ, ಚೀಲ ಸಡಿಲವಾಗಿದೆ, ಆಮೇಲಿನದೆಲ್ಲ ಬಾಗಿಲು ತೆರೆದ ಮನೆಗೆ ನಾಯಿ ನುಗ್ಗಿದ ಹಾಗೆ ಎಂದು ತಮಿಳಿನಲ್ಲಿ ವಿವರಿಸಿದರು. ಕಿತ್ತ ತುಟಿಯನ್ನು ಮೂಳೆಗೆ ಹೊಲಿದು, ಚೀಲವನ್ನು ಬಿಗಿ ಮಾಡುತ್ತಾರಂತೆ. ಬ್ಲೌಸಿಗೆ ಟಕ್ ಹಿಡಿಯುವುದಿಲ್ಲವೇ, ಅದೇ ಕೆಲಸ.

"ಬ್ಲೌಸು ಬಿಗಿಯಾದರೆ ಕೈ ಎತ್ತೋಕೆ ಆಗಲ್ಲವಲ್ಲ ಡಾಕ್ಟರ್," ಎಂದು ನಾನು ಕೇಳಿದೆ.

ಅವರಿಗೆ ಬಹಳ ಸಂತೋಷವಾಯಿತು. ಇಷ್ಟು ಬೇಗ ಅರ್ಥ ಮಾಡಿಕೊಂಡ ಪೇಷೆಂಟೇ ಬಂದಿಲ್ಲವಂತೆ. ಹೌದು, ಕೈ ಹೊರಕ್ಕೆ ತಿರುಗುವುದು ಸ್ವಲ್ಪ ಕಡಿಮೆಯಾಗುತ್ತದೆ, ಚೆಂಡನ್ನು ಮೊದಲಿನ ಹಾಗೆ ಎಸೆಯಲಾಗುವುದಿಲ್ಲ ಎಂದರು. ನೂರಕ್ಕೆ ನೂರು ಗ್ಯಾರಂಟಿಯೇ ಎಂದು ನನ್ನ ಗಂಡ ಕೇಳಿದರು. ನೀವೇನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು. ಇವರು ಕಚೇರಿಯ ಹೆಸರು ಹೇಳಿದರು. ನಿಮ್ಮ ಕಚೇರಿಗೆ ನಾನೊಂದು ಅರ್ಜಿ ಕೊಟ್ಟು ಎರಡು ವರ್ಷವಾಯಿತು, ಅದಕ್ಕೆ ನೀವು ಗ್ಯಾರಂಟಿ ಕೊಟ್ಟರೆ ಇದಕ್ಕೆ ನಾನು ಕೊಡುತ್ತೇನೆ ಎಂದರು ಡಾಕ್ಟರು. ಅಲ್ಲಿಗೆ ನನ್ನ ಗಂಡನ ವಿಚಾರಣೆ ಮುಗಿಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಮೂರು ಜನ ಬಂದು ಯಾವ ಭುಜ ಎಂದು ಕೇಳಿದರು. ಮೂರನೆಯವರಿಗೆ ಹೇಳುವಾಗ ನನಗೇ ಅನುಮಾನ ಬರತೊಡಗಿತ್ತು. ಅರಿವಳಿಕೆ ಕೊಡುವವರು ಒಂದರಿಂದ ಎಣಿಸಿ ಎಂದರು. ಡ್ರಿಲ್ ಟೀಚರಿಗೆ ಎಣಿಸಲು ಹೇಳಬೇಕೇ, ಒಂದ್ ಎರಡ್ ಮೂರ್ ನಾಲ್ಕ್ ಎಂದು ಜೋರಾಗಿ ಶುರು ಮಾಡಿದೆನಂತೆ. ಐದಕ್ಕೆ ಮುಂಚೆ ನಾನಿರಲಿಲ್ಲ. ಎಚ್ಚರವಾದಾಗ ಬಲಗೈಯನ್ನು ಎದೆಗೆ ಸೇರಿಸಿ ಸುತ್ತಿದ್ದರು. ಭುಜದೊಳಗೆ ಯಾರೋ ಒಲೆ ಹಚ್ಚಿ ಊದುತ್ತ ಕೂತ ಹಾಗಿತ್ತು. ಎಲ್ಲ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿದರು. ಚೆನ್ನಾಗಿ ಆಗದಿದ್ದರೆ ಹೇಗಿರುತ್ತಿತ್ತೋ.

ನೋಡಲು ಬಂದವರು ಮೂಸಂಬಿ, ಬ್ರೆಡ್ಡು ಮತ್ತು ತಮ್ಮ ತಮ್ಮ ನೆಂಟರಲ್ಲಿ ಆಪರೇಷನ್ ಆಗಿ ಕೈ ಹೋದವರ ಕತೆಗಳನ್ನು ತಂದರು. ಹೆಡ್‌ಮಿಸ್ಟ್ರೆಸ್ಸೂ ಬಂದರು. ಐದು ನಿಮಿಷ ದೇವರ ಬಗ್ಗೆ ಮಾತಾಡಿ, ಸ್ವಾತಂತ್ರ್ಯ ದಿನದ ಮಾರ್ಚ್‌ಪಾಸ್ಟಿಗೆ ಮಕ್ಕಳನ್ನು ತಯಾರು ಮಾಡುವವರು ಯಾರೂ ಸಿಗುತ್ತಿಲ್ಲ ಎಂದು ಬೇಜಾರು ಹೇಳಿಕೊಂಡರು. ವಿಸಿಲ್ ಊದುವ ಕೆಲಸ ತಾನೇ ಮೇಡಂ, ಗಣಿತದವರು ಊದಲಿ ಎಂದೆ. ಮತ್ತಿನ ಔಷಧಿ ಇನ್ನೂ ಇಳಿದಿಲ್ಲ ಎಂದುಕೊಂಡು ಅವರು ಕ್ಷಮಿಸಿದರು.

ಮನೆಗೆ ಬಂದ ಮೇಲೆ ಆರು ವಾರ ಬಲಗೈ ಅಲ್ಲಾಡಿಸುವಂತಿಲ್ಲ. ನನ್ನನ್ನು ನೋಡಿಕೊಳ್ಳಲು ಕೊಳತ್ತೂರಿನಿಂದ ಅತ್ತೆ ಒಂದು ಟ್ರಂಕು, ಒಂದು ಮೂಟೆ ರಾಗಿಹಿಟ್ಟಿನ ಜೊತೆ ಬಂದಿಳಿದರು. ಅವರು ಬರುವ ಮುಂಚಿನ ನಾಲ್ಕು ದಿನ ನನ್ನ ಗಂಡನೇ ಮನೆ ನಡೆಸಿದ್ದರು. ನನ್ನ ಜಡೆ ಹಾಕಲು ಕಲಿತಿದ್ದರು. ಮೂರು ಎಳೆಯಲ್ಲಿ ಯಾವುದು ಯಾವುದರ ಮೇಲೆ ಹೋಗಬೇಕು ಎನ್ನುವುದನ್ನು ನಿಧಾನವಾಗಿ ಪರಿಶೀಲಿಸಿ, ಒಂದು ಜಡೆಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರು. ನಡುವೆ ಎಲ್ಲೋ ತಪ್ಪಿದೆ ಎನಿಸಿದರೆ ಬಿಚ್ಚಿ ಮೊದಲಿನಿಂದ. ಆಫೀಸಿಗೆ ತಡವಾಗುತ್ತಿತ್ತು. ಆಫೀಸಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲವಂತೆ. ಬೈದುಕೊಂಡೇ ಹೇಳುತ್ತೇನೆ, ಅಷ್ಟು ಬಿಗಿಯಾದ, ಅಷ್ಟು ನೇರವಾದ ಜಡೆ ನನಗೆ ನಮ್ಮಮ್ಮನೂ ಹಾಕಿರಲಿಲ್ಲ.

ಅತ್ತೆ ಬಂದ ದಿನ ನಾನು ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದೆ. ಒಂದು ನಿಮಿಷ ನೋಡಿದರು. ಎಡಗೈಯಲ್ಲಿ ಉಣ್ಣುವುದನ್ನು ನೋಡಲಾರದೆ ಬೈಯುತ್ತಾರೆ ಎಂದುಕೊಂಡೆ. ಚಮಚ ಕಿತ್ತುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಇಟ್ಟರು. ಮೂವತ್ತನಾಲ್ಕು ವರ್ಷದ ಹೆಂಗಸು, ಐನೂರು ಮಕ್ಕಳನ್ನು ಒಂದೇ ವಿಸಿಲಿನಲ್ಲಿ ನಿಲ್ಲಿಸುವವಳು, ಬಾಯಿ ತೆರೆದು ಕೂತೆ. ಸ್ನಾನವನ್ನೂ ಅವರೇ ಮಾಡಿಸಿದರು. ಗಾಯಕ್ಕೆ ನೀರು ತಾಕದ ಹಾಗೆ ಬಟ್ಟೆ ಮುಚ್ಚಿ, ಎಮ್ಮೆ ತೊಳೆಯುವ ಶ್ರದ್ಧೆಯಿಂದ ಬೆನ್ನು ಉಜ್ಜುತ್ತಿದ್ದರು. ಎಂಟು ವರ್ಷ ಒಬ್ಬರನ್ನೊಬ್ಬರು ಮುಟ್ಟದೆ ಮರ್ಯಾದೆಯಿಂದ ಇದ್ದೆವು. ಎರಡನೇ ವಾರದ ಹೊತ್ತಿಗೆ ಆ ಮರ್ಯಾದೆಯಲ್ಲಿ ಏನೂ ಉಳಿದಿರಲಿಲ್ಲ. ನನಗೆ ಸೋಪು ಕಣ್ಣಿಗೆ ಹೋದರೆ ನಾನು ಕಿರುಚುತ್ತಿದ್ದೆ, ಅವರು ಬಾಯ್ಮುಚ್ಚು ಎನ್ನುತ್ತಿದ್ದರು.

ಮೂರನೇ ವಾರದಲ್ಲಿ ಒಂದು ಮಧ್ಯಾಹ್ನ ಹಾಲ್‌ನಲ್ಲಿ ಮಲಗಿದ್ದೆ. ಅಡುಗೆ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಎದ್ದು ಹೋಗಿ ನೋಡಿದೆ. ಮೇಲಿನ ಹಲಗೆಯಿಂದ ಇಡ್ಲಿ ಪಾತ್ರೆ ಇಳಿಸಲು ಹೋಗಿದ್ದರು ಎಂದು ಕಾಣುತ್ತದೆ, ಅದು ನೆಲದ ಮೇಲೆ ಉರುಳಿತ್ತು. ಅತ್ತೆಯ ಬಲಗೈ ಒಂದು ಕಡೆಗೆ ಸೊಟ್ಟಗೆ ನಿಂತಿತ್ತು. ಭುಜದ ದುಂಡು ಇರಬೇಕಾದ ಕಡೆ ಚಪ್ಪಟೆಯಾಗಿ, ರವಿಕೆಯೊಳಗೆ ಒಂದು ಮೂಲೆ ಎದ್ದಿತ್ತು. ನನಗೆ ಆ ಆಕಾರ ಚೆನ್ನಾಗಿ ಪರಿಚಯ. ನೋಡಿದ್ದಕ್ಕೇ ನನ್ನ ಹೊಲಿಗೆಗಳು ನೊಂದವು. ಪಕ್ಕದ ಮನೆಗೆ ಹೋಗಿ ಆಫೀಸಿಗೆ ಫೋನ್ ಮಾಡಿಸುತ್ತೇನೆ ಎಂದು ತಿರುಗಿದೆ.

"ಎಲ್ಲಿಗೂ ಓಗ್ಬ್ಯಾಡ, ನಿಂತ್ಕೋ ಅಲ್ಲೇ," ಎಂದರು.

ನೆಲದ ಮೇಲೆ ಕೂತರು. ಒಂದು ಮೊಣಕಾಲು ಮಡಚಿ ನಿಲ್ಲಿಸಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ತಂದು, ಎರಡೂ ಕೈಯ ಬೆರಳು ಹೆಣೆದು ಆ ಮೊಣಕಾಲಿನ ಸುತ್ತ ಹಾಕಿದರು. ಹಲ್ಲು ಕಚ್ಚಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ವಾಲಿದರು. ಹಣೆಯಲ್ಲಿ ಬೆವರು ಮೂಡಿತು. ಸ್ವಲ್ಪ ಹೊತ್ತಿಗೆ ಟಕ್ಕೆಂದಿತು. ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟರು. ಎದ್ದು, ಉರುಳಿದ ಇಡ್ಲಿ ಪಾತ್ರೆಯನ್ನು ಎಡಗೈಯಲ್ಲಿ ಎತ್ತಿಟ್ಟರು. ಒಂದು ಎಸ್ಟೇಟ್ ಕಾಂಪೌಂಡರು, ಇಬ್ಬರು ಡಾಕ್ಟರು, ಎರಡು ಆಟೋ, ಅಷ್ಟೊಂದು ಸೂಜಿ ನನಗೆ ಮಾಡಿದ್ದನ್ನು ಅವರು ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮಾಡಿ ಮುಗಿಸಿದ್ದರು. ಹಾಲೂ ಉಕ್ಕಿರಲಿಲ್ಲ.

ನಾನು ಬಾಗಿಲಿನಲ್ಲೇ ಕೂತುಬಿಟ್ಟೆ. ಎಷ್ಟು ದಿನದಿಂದ ಎಂದು ಕೇಳಿದೆ.

"ನಿನ್ ಗಂಡ ಮೊಲೆ ಕುಡೀತಿದ್ದ ಆವಾಗ. ಎಮ್ಮೆ ಓಡ್ತು, ಅಗ್ಗ ಕೈಗೆ ಸುತ್ಕೊಂಡಿತ್ತು," ಎಂದರು.

ಮೊದಲ ಸಲ ಊರಿನ ಸೂಲಗಿತ್ತಿ ಕೂರಿಸಿದ್ದಳಂತೆ. ಮೊಣಕಾಲಿನ ಉಪಾಯ ಹೇಳಿಕೊಟ್ಟವಳೂ ಅವಳೇ. ಆಮೇಲೆ ಹೊಲದಲ್ಲಿ ತಪ್ಪಿದರೆ ಕಡಲೆಕಾಯಿ ಬಳ್ಳಿಯ ಗುಡ್ಡೆಯ ಹಿಂದೆ ಹೋಗಿ ಕೂರುವುದು, ಮನೆಯಲ್ಲಾದರೆ ಕೊಟ್ಟಿಗೆಯಲ್ಲಿ. ಮಾವನವರಿಗೆ ಗೊತ್ತಿಲ್ಲ. ಮಕ್ಕಳಿಗೆ ಗೊತ್ತಿಲ್ಲ. ಎಷ್ಟು ಸಲ ತಪ್ಪಿರಬಹುದು ಎಂದೆ.

"ಸೋರೋ ಮನೇಲಿ ಯಾರಾದ್ರೂ ಅನಿ ಎಣಿಸ್ತಾರಾ," ಎಂದರು.

ಆಗ ನನಗೆ ಒಂದೊಂದೇ ಹೊಳೆಯಿತು. ಅವರು ತಲೆ ಬಾಚುವಾಗ ಕೂದಲನ್ನೆಲ್ಲ ಮುಂದಕ್ಕೆ ಹಾಕಿ ಮಡಿಲಿಗೆ ಬಗ್ಗಿ ಬಾಚುತ್ತಿದ್ದರು. ಅದು ಹಳ್ಳಿಯ ರೀತಿ ಎಂದುಕೊಂಡಿದ್ದೆ. ಬಟ್ಟೆ ಒಣಹಾಕುವ ಹಗ್ಗವನ್ನು ಸೊಂಟದ ಮಟ್ಟಕ್ಕೆ ಕಟ್ಟಿಸಿದ್ದರು. ಅದು ಗಿಡ್ಡ ಹೆಂಗಸಿನ ಅನುಕೂಲ ಎಂದುಕೊಂಡಿದ್ದೆ. ಮನುಷ್ಯರ ದೇಹ ಹೇಗೆ ಚಲಿಸುತ್ತದೆ ಎಂದು ಸರ್ಟಿಫಿಕೇಟ್ ಪಡೆದು ಪಾಠ ಹೇಳುವವಳು ನಾನು. ಎಂಟು ವರ್ಷ ಎದುರಿಗಿದ್ದ ಭುಜ ನನಗೆ ಕಂಡಿರಲಿಲ್ಲ.

ಹಾಗಾದರೆ ನನ್ನನ್ನು ಆ ಮೊಟ್ಟೆ ಕಟ್ಟಿನ ವೈದ್ಯರ ಹತ್ತಿರ ಯಾಕೆ ಕರೆದುಕೊಂಡು ಹೋದಿರಿ ಎಂದು ಕೇಳಿದೆ. ಅವರು ಮೊದಲ ಬಾರಿಗೆ ಸ್ವಲ್ಪ ನಾಚಿಕೊಂಡರು.

"ನಿಂಗಾದ್ರೂ ನಿಲ್ತೈತಾ ನೋಡಾನ ಅಂತ. ನಿಂತಿದ್ರೆ ನಾನೂ ಒಂದ್ ಕಟ್ ಆಕಿಸ್ಕೋಬೋದಿತ್ತು."

ಆಪರೇಷನ್ ಮಾಡಿಸಿಕೋ ಎಂದದ್ದೂ ಅದಕ್ಕೇನಾ ಎಂದೆ. ಅವರು ಹಾಲು ಇಳಿಸಲು ಹೋದರು. ನನ್ನ ಮೇಲೆ ಎರಡು ಪರೀಕ್ಷೆ ನಡೆದಿದ್ದವು, ನನಗೆ ಒಂದೂ ತಿಳಿದಿರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ನಗು, ನಕ್ಕರೆ ಭುಜ ನೋಯುತ್ತಿತ್ತು, ಕೊನೆಗೆ ಅಳುವೇ ಬಂತು. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಹೊಲಿಗೆ ಬಿಚ್ಚೋದ್ರೆ ಆ ಡಾಕ್ಟ್ರು ನನ್ನ ಬೈತಾನೆ, ಸುಮ್ನಿರು ಎಂದರು.

ಮುಂದಿನ ವಾರ ನಾನು ತೋರಿಸಿಕೊಳ್ಳಲು ಹೋಗುವಾಗ ಅವರನ್ನೂ ಎಳೆದುಕೊಂಡು ಹೋದೆ. ಮಗನಿಗೆ ಹೇಳಬಾರದು ಎಂಬ ಷರತ್ತಿನ ಮೇಲೆ ಬಂದರು. ಡಾಕ್ಟರು ಅವರ ಭುಜದ ಎಕ್ಸ್‌ರೇ ತೆಗೆಸಿ ಬಹಳ ಹೊತ್ತು ನೋಡಿದರು. ಗುಂಡಿನ ಹಿಂಭಾಗ ಸವೆದು ಹಳ್ಳ ಬಿದ್ದಿದೆ, ಮೂವತ್ತೈದು ವರ್ಷ ಇವರು ಇದನ್ನಿಟ್ಟುಕೊಂಡು ಹೊಲದ ಕೆಲಸ ಹೇಗೆ ಮಾಡಿದರು ಎಂದು ನನ್ನನ್ನು ಕೇಳಿದರು. ಅವರನ್ನೇ ಕೇಳಿ ಎಂದೆ. ಮೊಣಕಾಲಿನ ವಿಷಯ ಹೇಳಿದಾಗ ಡಾಕ್ಟರು ಕುರ್ಚಿ ಬಿಟ್ಟು ಎದ್ದು, ಪಕ್ಕದ ಕೋಣೆಯಿಂದ ತಮ್ಮ ಸಹಾಯಕ ಡಾಕ್ಟರನ್ನೂ ನರ್ಸನ್ನೂ ಕರೆದರು. ಅತ್ತೆ ಸೀರೆ ಸರಿ ಮಾಡಿಕೊಂಡು ನೆಲದ ಮೇಲೆ ಕೂತು, ಕೀಲು ತಪ್ಪಿರದಿದ್ದರೂ, ಹೀಗೆ ಕೈ ಹೆಣೆಯೋದು, ಹೀಗೆ ವಾಲೋದು, ಎಳೆಯಬಾರದು, ಅದೇ ಬರೋವರೆಗೂ ಕಾಯಬೇಕು ಎಂದು ತೋರಿಸಿದರು. ನನ್ನ ಗಂಡನ ಹತ್ತು ಪ್ರಶ್ನೆಗೂ ಮೇಲೇಳದ ಡಾಕ್ಟರು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳು ಹೇಗೆ ಹೆಣೆದಿರಿ, ಇನ್ನೊಂದು ಸಲ ತೋರಿಸಿ ಅಮ್ಮಾ ಎಂದರು.

ಆಪರೇಷನ್ ಬೇಕೇ ಎಂಬುದಕ್ಕೆ ಡಾಕ್ಟರು ಬೇಡ ಎಂದರು. ಈಗ ವರ್ಷಕ್ಕೆ ಒಂದೆರಡು ಸಲವಷ್ಟೇ ತಪ್ಪುತ್ತದೆ, ಮೂಳೆ ಇಷ್ಟು ಸವೆದ ಮೇಲೆ ಬರೀ ಹೊಲಿಗೆ ನಿಲ್ಲುವುದಿಲ್ಲ, ದೊಡ್ಡ ಆಪರೇಷನ್ ಬೇಕಾಗುತ್ತದೆ, ಈ ವಯಸ್ಸಿಗೆ ಅಷ್ಟು ಕಷ್ಟ ಬೇಡ, ಸ್ನಾಯು ಬಲವಾಗಲು ವ್ಯಾಯಾಮ ಮಾಡಲಿ, ಎತ್ತರದ್ದನ್ನು ಎತ್ತದಿರಲಿ. ಅತ್ತೆಯ ಮುಖದಲ್ಲಿ ನಿರಾಸೆ ಕಂಡಿತೋ ಸಮಾಧಾನ ಕಂಡಿತೋ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತಾಗ, ಆವಾಗ್ಲೇ ಬಂದಿದ್ರೆ ಆಗ್ತಿತ್ತಾ ಅಂತ ಕೇಳ್ಬೇಕಿತ್ತು ಎಂದರು. ವಾಪಸ್ ಹೋಗಿ ಕೇಳೋಣವೇ ಎಂದೆ. ಬ್ಯಾಡ, ಗೊತ್ತಾಗಿ ಏನಾಗ್ಬೇಕು ಎಂದರು.

ಆರು ವಾರದ ನಂತರ ನನ್ನ ಕೈ ಬಿಚ್ಚಿದಾಗ ಅದು ನನ್ನದೇ ಎಂದು ನಂಬಲಾಗಲಿಲ್ಲ. ಬಗ್ಗಿ ನಿಂತು ಗಡಿಯಾರದ ಲೋಲಕದ ಹಾಗೆ ತೂಗಾಡಿಸಬೇಕು, ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸಬೇಕು. ದಿನವೂ ಎಷ್ಟು ಎತ್ತರ ತಲುಪಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಅತ್ತೆಗೂ ಅದೇ ವ್ಯಾಯಾಮ ಹೇಳಿದ್ದರು. ಬೆಳಿಗ್ಗೆ ಇಬ್ಬರೂ ಹಾಲ್‌ನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆವು. ಡ್ರಿಲ್ ಟೀಚರಿನ ಗುರುತು ಕೆಳಗೆ, ಕೊಳತ್ತೂರಿನ ರೈತ ಹೆಂಗಸಿನ ಗುರುತು ಮೇಲೆ. ಅವರು ನನ್ನ ಗುರುತನ್ನು ನೋಡಿ, ಪರವಾಯಿಲ್ಲೆ ಎಂದು ಸಮಾಧಾನ ಹೇಳುತ್ತಿದ್ದರು. ಸೋತವರಿಗೆ ಹೇಳುವ ಮಾತು ಅದು, ಹತ್ತು ವರ್ಷ ನಾನೇ ಮಕ್ಕಳಿಗೆ ಹೇಳಿದ್ದೆ. ನಾವಿಬ್ಬರೂ ಗೋಡೆ ಹತ್ತುವುದನ್ನು ನೋಡಿ ನನ್ನ ಗಂಡ, ಅಮ್ಮ ಯಾಕೆ ಮಾಡುತ್ತಿದ್ದಾಳೆ ಎಂದು ಕೇಳಿದರು. ನನಗೆ ಜೊತೆಗೆ ಎಂದೆ. ನಂಬಿದರು. ಸೊಸೆಯ ಮೇಲೆ ಎಷ್ಟು ಪ್ರೀತಿ ಎಂದು ಆಫೀಸಿನಲ್ಲಿ ಹೇಳಿಕೊಂಡರಂತೆ. ಅದು ಸುಳ್ಳೂ ಅಲ್ಲ.

ನಾಲ್ಕು ತಿಂಗಳಿಗೆ ಸ್ಕೂಲಿಗೆ ಹೋದೆ. ಕೈ ತಲೆಯ ಮೇಲಕ್ಕೆ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿರಲಿಲ್ಲ. ಚೆಂಡು ಎಸೆದರೆ ಕಸ ಎಸೆದ ಹಾಗೆ ಹೋಗಿ ಬೀಳುತ್ತಿತ್ತು. ನನ್ನನ್ನು ಅಣಕಿಸುವುದರಲ್ಲಿ ನಮ್ಮ ಎಂಟನೇ ಕ್ಲಾಸಿನವರು ಬಹಳ ಬೇಗ ಪಳಗಿದರು. ಭುಜ ಮಾತ್ರ ಮತ್ತೆ ತಪ್ಪಲಿಲ್ಲ. ಬಸ್ಸಿನಲ್ಲಿ ನಿಂತರೂ ತಪ್ಪಲಿಲ್ಲ, ಮೀಟಿಂಗಿನಲ್ಲಿ ಕೈ ಎತ್ತಿದರೂ ತಪ್ಪಲಿಲ್ಲ. ಎತ್ತಿದ್ದಕ್ಕೆ ಯಾರಾದರೂ ಬೆಲೆ ಕೊಟ್ಟರೇ ಎಂದು ಕೇಳಬೇಡಿ. ಅದಕ್ಕೆ ಬೇರೆ ಆಪರೇಷನ್ ಬೇಕು.

ಅತ್ತೆಯ ಗುಟ್ಟು ಒಂದು ವರ್ಷ ನನ್ನಲ್ಲೇ ಇತ್ತು. ಆಮೇಲೆ ನಾವು ಕೊಳತ್ತೂರಿಗೆ ಹೋಗಿದ್ದಾಗ, ರಾಗಿ ತುಂಬಿದ ಮಡಕೆಯನ್ನು ಅಟ್ಟಕ್ಕೆ ಎತ್ತಿಡು ಎಂದು ಮಾವನವರು ಮಂಚದಲ್ಲಿ ಕೂತು ಅವರಿಗೆ ಹೇಳುತ್ತಿದ್ದದ್ದನ್ನು ಕೇಳಲಾರದೆ ನಾನೇ ಹೇಳಿಬಿಟ್ಟೆ. ನೋವಿನ ವಿಷಯವಲ್ಲ ಮಾವನವರನ್ನು ನೋಯಿಸಿದ್ದು. ಕಟ್ಟಿಕೊಂಡವನಿಗೆ ಹೇಳದೆ ಸೇಲಂನ ಯಾವನೋ ಡಾಕ್ಟರಿಗೆ ಹೇಳಿದಳಲ್ಲ ಎಂಬುದು.

"ನಂಗ್ಯಾಕ್ ಯೋಳ್ಲಿಲ್ಲ," ಎಂದು ಹೆಂಡತಿಯನ್ನು ಕೇಳಿದರು.

"ನೀನ್ ಯಾವತ್ ಕೇಳ್ದೆ," ಎಂದರು ಅತ್ತೆ.

ಅಷ್ಟು ವರ್ಷದಲ್ಲಿ ಅವರು ಗಂಡನನ್ನು ಎದುರಿಗೆ ನೀನು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾವನವರು ಎದ್ದು ಮಡಕೆಯನ್ನು ತಾವೇ ಅಟ್ಟಕ್ಕೆ ಇಟ್ಟರು. ಮಾರನೇ ದಿನ ನೀರಿನ ಹಂಡೆ ಎತ್ತಿದರು, ಅದರ ಮಾರನೇ ದಿನ ಹುಲ್ಲಿನ ಕಟ್ಟು ಇಳಿಸಿದರು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ಅವರು ಅಷ್ಟು ಹೊತ್ತು ಸುಮ್ಮನೆ ಕೂತಿದ್ದನ್ನು ನಾನು ಕಂಡದ್ದೇ ಇಲ್ಲ. ನಾಲ್ಕನೆಯ ದಿನ ಮಾವನವರಿಗೆ ಸೊಂಟ ಹಿಡಿದುಕೊಂಡಿತು. ಅತ್ತೆ ಒಳಗಿನಿಂದ ಎಣ್ಣೆ ಬಟ್ಟಲು ತಂದು, ಅವರನ್ನು ಬೋರಲು ಮಲಗಿಸಿ, ಎಡಗೈಯಲ್ಲಿ ನೀವತೊಡಗಿದರು.